ಹದಿನಾಲ್ಕನೆಯ ಕಂತು

"ಬಂತಾ?" ಮಾಡಿನ ಮೇಲೆ ಟಿ.ವಿ.ಯ ಆಂಟೆನಾ ತಿರುಗಿಸುತ್ತ ಸರ್ವೋತ್ತಮ ಕೂಗಿದ.

"ಇಲ್ಲ ಮಾರಾಯ, ಬರೀ ಇರುವೆ!" ಚಾವಡಿಯೊಳಗಿನಿಂದ ಪಕ್ಕದ ಮನೆಯ ವಿಲ್ಲಿ ಉತ್ತರಿಸಿದ.

"ಈಗ?"

"ಈಗ ಇಬ್ಬರು ರೈತರು ಕಾಣ್ತಾರೆ."

"ಇರುವುದು ಒಬ್ಬನೇ. ಇನ್ನೊಬ್ಬ ನೆರಳು. ತಡಿ, ಇನ್ನೂ ಸ್ವಲ್ಪ ಕದ್ರಿ ಟವರಿನ ಬದಿಗೆ ತಿರುಗಿಸ್ತೇನೆ."

ಆಶಾಲತಾ ಅಂಗಳದಲ್ಲಿ ನಿಂತು ಮೈದುನನ ಕೂಗು ಕೇಳುತ್ತ ಕೊಡೆ ಮಡಚಿದಳು. ಬಿಜೈಯಿಂದ ವಾಮಂಜೂರಿಗೆ ಎರಡು ಬಸ್ಸು ಹಿಡಿದು ಬಂದಿದ್ದಳು. ಸೀರೆಯ ಅಂಚು ಕೆಸರಾಗಿತ್ತು. ಗಂಡ ತಾರಾನಾಥ ಸತ್ತ ಮೇಲೆ ಇದು ಮೊದಲ ಆಟಿ, ಸತ್ತವರಿಗೆ ಬಡಿಸುವ ಮಳೆಗಾಲದ ತಿಂಗಳು. ಅವನಿಗೆ ಎಲೆ ಹಾಕಿ ಬಡಿಸಬೇಕಾದದ್ದು ಅವನ ತಾಯಿಯ ಮನೆಯಲ್ಲಿ. ಆದ್ದರಿಂದ ಇಲ್ಲಿಗೇ ಬರಬೇಕಿತ್ತು. ಟಿ.ವಿ. ಇದ್ದದ್ದೂ ಇಲ್ಲೇ. ಬಸ್ಸಿನ ಕಿಟಕಿಯ ಪಕ್ಕ ಕೂತು ಈ ಎರಡರಲ್ಲಿ ತಾನು ಯಾವುದಕ್ಕೆ ಹೊರಟಿದ್ದೇನೆಂದು ಕೇಳಿಕೊಂಡಿದ್ದಳು. ನಾಚಿಕೆಯಾಗಿತ್ತು. ಆದರೂ ಕೈಗಡಿಯಾರ ನೋಡಿಕೊಂಡಿದ್ದಳು.

ಅದು ತಾರಾನಾಥನ ಟಿ.ವಿ. ಅವನು ಹೋದ ಹದಿನಾಲ್ಕನೆಯ ದಿನ ಅವನ ಅಕ್ಕ ಉಮಾವತಿ ಅದನ್ನು ರಿಕ್ಷಾದಲ್ಲಿ ಇಟ್ಟುಕೊಂಡು ಬಂದಿದ್ದಳು. "ಸೂತಕದ ಮನೆಯಲ್ಲಿ ಅದರ ಗಲಾಟೆ ಯಾಕೆ? ನೀನು ಹೇಗೂ ನೋಡುವುದಿಲ್ಲವಲ್ಲ" ಎಂದಿದ್ದಳು. ಆ ಗಲಾಟೆ ಎಂಟು ತಿಂಗಳಿಂದ ವಾಮಂಜೂರಿನಲ್ಲಿ ದಿನವೂ ನಡೆಯುತ್ತಿತ್ತು. ಆಶಾಲತಾ ಕ್ರೋಶಾ ಹಾಕಿದ್ದ ಬಿಳಿ ಬಟ್ಟೆ ಪೆಟ್ಟಿಗೆಯ ಮೇಲೆ ಈಗಲೂ ಇತ್ತು. ಅದರ ಮೇಲಿನ ಪ್ಲಾಸ್ಟಿಕ್ ಹೂವು ಮಾತ್ರ ಹೊಸದು.

"ಬಂದೆಯಾ? ಬೇಗ ಬಾ, ತೆಂಗಿನಕಾಯಿ ತುರಿಯಲಿಕ್ಕುಂಟು" ಎಂದಳು ಉಮಾವತಿ.

ಅಡುಗೆಮನೆಯಲ್ಲಿ ಕೋಳಿ ಬೇಯುತ್ತಿತ್ತು. ಮಳೆಗಾಲದಲ್ಲಿ ಹಸಿ ಮೀನು ಸಿಗದೆ ಒಣ ಸಿಗಡಿಯ ಚಟ್ನಿ ಮಾಡಿದ್ದರು. ಅತ್ತೆ ಗುಲಾಬಿ ಮೂಲೆಯಲ್ಲಿ ಮಣೆ ಹಾಕಿ ಕೂತು ಅಕ್ಕಿ ಹಿಟ್ಟಿನ ಪುಂಡಿ ಉಂಡೆ ಮಾಡುತ್ತಿದ್ದಳು. ಸೊಸೆಯನ್ನು ನೋಡಿ ತಲೆಯಾಡಿಸಿದಳು. ಮಗ ಹೋದ ಮೇಲೆ ಅವಳ ಮಾತು ಕಡಿಮೆಯಾಗಿತ್ತು.

"ಒಂಬತ್ತಕ್ಕೆ ಆ ಪ್ರೇತದ ಸೀರಿಯಲ್ ಪುನಃ ಶುರು ಅಂತೆ" ಎಂದಳು ಉಮಾವತಿ, ಸೌಟಿನಿಂದ ಉಪ್ಪು ನೋಡುತ್ತ. "ಸರ್ವೋತ್ತಮನಿಗೆ ಮೂರು ದಿನದಿಂದ ಅದೇ ಧ್ಯಾನ. ನೀನು ಆಗ ಒಳಗೇ ಇರು, ಆಶಾ."

"ಯಾಕೆ?"

"ಯಾಕೆ ಅಂದ್ರೆ ಎಂತ ಹೇಳುವುದು? ವರ್ಷ ಸಹ ಆಗಲಿಲ್ಲ. ವಿಲ್ಲಿಯ ಅಮ್ಮ ಬರ್ತಾಳೆ, ಆಚೆ ಮನೆಯವರು ಬರ್ತಾರೆ. ಗಂಡ ಹೋದವಳು ಎದುರಿಗೇ ಕೂತು ಪ್ರೇತದ ನಾಟಕ ನೋಡಿದ್ರೆ ಜನ ಸುಮ್ಮನಿರ್ತಾರಾ? ಮತ್ತೆ ನಿನಗೆ ಹೆದರಿಕೆ ಆದ್ರೆ?"

"ಹೆದರಿ ಚಾದರದೊಳಗೆ ಕೂತು ನೋಡ್ತಾ ಇದ್ದದ್ದು ನಿಮ್ಮ ತಮ್ಮ. ನಾನಲ್ಲ."

ಉಮಾವತಿಗೆ ನಗು ಬಂತು. "ಸಣ್ಣದರಲ್ಲಿಯೂ ಹಾಗೇ ಅವನು. ಹಟ್ಟಿಗೆ ಹೋಗಲಿಕ್ಕೆ ನಾನು ದೀಪ ಹಿಡೀಬೇಕು" ಎಂದಳು. ಮತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಒಲೆಯ ಕಡೆ ತಿರುಗಿದಳು. ಒಳಗಿರಬೇಕೆಂಬ ಮಾತನ್ನು ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ.

ಆಶಾಲತಾ ಕಾಯಿ ತುರಿದಳು. ಆ ಧಾರಾವಾಹಿಗಾಗಿ ಅವಳು ಹನ್ನೊಂದು ತಿಂಗಳು ಕಾದಿದ್ದಳು. ರೈಲು ನಿಲ್ಲದ ಒಂದು ಸ್ಟೇಷನ್ನು, ಅಲ್ಲಿ ರಾತ್ರಿ ಪಾಳಿಯ ಒಬ್ಬ ಗಾರ್ಡು. ಹದಿಮೂರನೆಯ ಕಂತಿನ ಕೊನೆಗೆ ಬೆಂಚಿನ ಮೇಲೆ ಮುಸುಕು ಹಾಕಿ ಕೂತವರ ಮುಖದ ಹತ್ತಿರ ಗಾರ್ಡು ಲಾಟೀನು ಎತ್ತಿದ. ಮುಖ ಕಾಣುವ ಮೊದಲೇ ಕಂತು ಮುಗಿಯಿತು. ಮುಂದಿನ ವಾರ ಆ ಹೊತ್ತಿಗೆ ಬಂದದ್ದು ಬೇರೆ ಯಾವುದೋ ಹಾಸ್ಯದ ನಾಟಕ.

ಅಂದು ತಾರಾನಾಥ ಚಾದರ ಕೊಡವಿ ಎದ್ದು ನಿಂತು, "ಇದೆಂಥ ಅನ್ಯಾಯ!" ಎಂದಿದ್ದ. ಅವನು ದುಡಿಯುತ್ತಿದ್ದ ಬೈಕಂಪಾಡಿಯ ಕಾರ್ಖಾನೆಯಲ್ಲಿ ಮರುದಿನ ಎಲ್ಲರಿಗೂ ಅದೇ ಚರ್ಚೆ. ಬೆಂಚಿನ ಮೇಲಿದ್ದದ್ದು ಗಾರ್ಡಿನದೇ ಹೆಣ ಎಂದು ಅವನ ವಾದ. ಗಾರ್ಡಿನ ತಂಗಿ ಇರಬೇಕು ಎಂದು ಇವಳದ್ದು. ಇಬ್ಬರೂ ಕೂಡಿ ದೆಹಲಿಯ ಟಿ.ವಿ. ಕಚೇರಿಗೆ ಇಂಗ್ಲಿಷಿನಲ್ಲಿ ಒಂದು ಕಾರ್ಡು ಬರೆದರು. ಬರೆದವಳು ಇವಳು, ಕೆಳಗೆ ಸಹಿ ಇಬ್ಬರದ್ದು. ಎರಡು ತಿಂಗಳ ಮೇಲೆ ಕೂಳೂರು ಸೇತುವೆಯ ಹತ್ತಿರ ಅವನ ಸ್ಕೂಟರಿಗೆ ಲಾರಿ ಬಡಿಯಿತು. ಆಮೇಲೆ ಅವಳು ಒಬ್ಬಳೇ ಇನ್ನೂ ನಾಲ್ಕು ಕಾರ್ಡು ಬರೆದಳು. ಯಾರಿಗೂ ಹೇಳಲಿಲ್ಲ. ಉತ್ತರ ಬರಲಿಲ್ಲ. ಕಳೆದ ವಾರ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು ಕಂಡಿತು: ಎರಡನೆಯ ಸರಣಿ, ಗುರುವಾರ, ರಾತ್ರಿ ಒಂಬತ್ತು. ಅವನು ಹೋದ ಮೇಲಿನ ಒಂಬತ್ತು ತಿಂಗಳಲ್ಲಿ ಅವಳಿಗೆ ಏನಾದರೂ ಬೇಕು ಅನ್ನಿಸಿದ್ದು ಅದೇ ಮೊದಲು.

ಬಡಿಸಬೇಕಾದ ಯಜಮಾನ ಲೋಕನಾಥ, ಗುಲಾಬಿಯ ಅಣ್ಣ. ಮುಸ್ಸಂಜೆಗೆ ಬರುತ್ತೇನೆಂದವರು ಬಜಪೆಯಿಂದ ಬಂದು ಕಾಲು ತೊಳೆಯುವಾಗ ಎಂಟೂವರೆ ದಾಟಿತ್ತು.

"ಬಸ್ಸಿನವ ಗುರುಪುರದಲ್ಲಿ ಚಾ ಕುಡೀಲಿಕ್ಕೆ ಇಳಿದವ ಹತ್ತುವುದೇ ಇಲ್ಲ ಮಾರಾಯ" ಎಂದರು. "ಎಲ್ಲ ತಯಾರುಂಟಲ್ಲ? ಬೇಗ ಬೇಗ ಆಗಲಿ."

ಒಳಕೋಣೆಯಲ್ಲಿ ದೀಪ ಹಚ್ಚಿ ಬಾಳೆಲೆ ಹಾಕಿದರು. ಪುಂಡಿ, ಕೋಳಿ ಸಾರು, ಸಿಗಡಿ ಚಟ್ನಿ, ಒಂದು ಲೋಟ ಕಳ್ಳು, ಅವನು ಸೇದುತ್ತಿದ್ದ ಸಿಗರೇಟಿನ ಪ್ಯಾಕು. ಎಲ್ಲರೂ ಒಬ್ಬೊಬ್ಬರಾಗಿ ಎಲೆಯ ಬದಿಗೆ ನೀರು ಬಿಟ್ಟು ಹೊರಗೆ ಬಂದರು. ಲೋಕನಾಥ ಬಾಗಿಲು ಎಳೆದುಕೊಂಡರು. ಸತ್ತವನು ಬಂದು ಉಂಡು ಏಳುವವರೆಗೆ ಬಾಗಿಲು ತೆಗೆಯುವಂತಿಲ್ಲ, ಯಾರೂ ಗಟ್ಟಿ ಮಾತಾಡುವಂತಿಲ್ಲ, ಮನೆಯವರು ಊಟ ಮಾಡುವಂತಿಲ್ಲ. ಆಮೇಲೆ ಯಜಮಾನ ಮೂರು ಸಲ ಬಾಗಿಲು ತಟ್ಟಿ ಒಳಗೆ ಹೋಗಿ ಎಲೆ ಎತ್ತಬೇಕು. ಮೊದಲೆಲ್ಲ ಹಿರಿಯರು ಎರಡು ಸಲ ವೀಳ್ಯ ಹಾಕಿ ಜಗಿದು ಮುಗಿಸುವಷ್ಟು ಹೊತ್ತು ಕಾಯುತ್ತಿದ್ದರು.

ಬಾಗಿಲು ಮುಚ್ಚಿದಾಗ ಎಂಟು ಐವತ್ತಮೂರು.

ಚಾವಡಿಯಲ್ಲಿ ಜನ ತುಂಬಿದ್ದರು. ವಿಲ್ಲಿ ಟಿ.ವಿ.ಯ ಎದುರು ಚಾಪೆ ಹಾಸಿ ಅಮ್ಮನನ್ನು ಕೂರಿಸಿದ್ದ. ಸರ್ವೋತ್ತಮ ಅದರ ದನಿ ಇಳಿಸಿ ಇಟ್ಟಿದ್ದ. ವಾರ್ತೆ ಓದುವವಳ ಬಾಯಿ ಮಾತ್ರ ಆಡುತ್ತಿತ್ತು. ಅವನು ಮಾವನ ಕಿವಿಯಲ್ಲಿ ಏನೋ ಹೇಳಿದ. ಲೋಕನಾಥ ಗೋಡೆ ಗಡಿಯಾರ ನೋಡಿದರು. ಎದ್ದರು.

"ಸಾಕಾಯ್ತು. ಎಲೆ ಎತ್ತುವ. ನಮಗೂ ಬಡಿಸಿಬಿಡಿ, ಎಲ್ಲರೂ ತಟ್ಟೆ ಹಿಡ್ಕೊಂಡು ಇಲ್ಲಿಯೇ ಕೂತ್ರಾಯ್ತು."

ಆಶಾಲತಾ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. "ಮಾವ, ಮೂರು ನಿಮಿಷ ಆದದ್ದಷ್ಟೆ" ಎಂದಳು.

"ಸತ್ತವರಿಗೆ ಗಡಿಯಾರ ಉಂಟಾ? ಅವರದ್ದೆಲ್ಲ ಒಂದು ಗಳಿಗೆಯಲ್ಲಿ ಆಗ್ತದೆ."

"ಅವರಿಗಿಲ್ಲ. ನಿಮಗುಂಟಲ್ಲ ಗಡಿಯಾರ. ಅದನ್ನು ನೋಡಿಯೇ ನೀವು ಎದ್ದದ್ದು."

ಚಾಪೆಯ ಮೇಲಿದ್ದವರು ತಿರುಗಿ ನೋಡಿದರು. ಉಮಾವತಿ, "ಆಶಾ!" ಎಂದಳು. ಲೋಕನಾಥ ಕೇಳಿಸದವರಂತೆ ಒಳಕೋಣೆಯ ಕಡೆ ನಡೆದರು. ಅವರಿಗಿಂತ ಮೊದಲು ಆಶಾಲತಾ ಅಲ್ಲಿಗೆ ತಲುಪಿದಳು. ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು. ಹಾಗೆ ಮಾಡುತ್ತೇನೆಂದು ಅವಳು ಯೋಚಿಸಿರಲಿಲ್ಲ. ಕೂತ ಮೇಲೆ ಏಳುವುದಿಲ್ಲವೆಂದು ಮಾತ್ರ ಗೊತ್ತಾಯಿತು.

"ಎಂತದು ಇದು? ಏಳು."

"ಅವರು ಊಟ ಮಾಡ್ತಾ ಇದ್ದಾರೆ."

"ಬಾಗಿಲಿಗೆ ಅಡ್ಡ ಕೂರುವ ಕ್ರಮ ನಮ್ಮಲ್ಲಿಲ್ಲ."

"ಮೂರು ನಿಮಿಷದಲ್ಲಿ ಎಬ್ಬಿಸುವ ಕ್ರಮ ಉಂಟಾ? ಮೊನ್ನೆ ನಿಮ್ಮ ಮಗಳ ಮದುವೆಯಲ್ಲಿ ಬೀಗರ ಎಲೆಯ ಎದುರು ನೀವು ಒಂದು ಗಂಟೆ ಕೈಕಟ್ಟಿ ನಿಂತಿದ್ರಿ. 'ಮೆಲ್ಲ, ಮೆಲ್ಲ, ಅವಸರ ಇಲ್ಲ' ಅಂತ ಹೇಳ್ತಾ ಇದ್ರಿ. ಇವರು ಎದ್ದು ಜಗಳ ಮಾಡುವುದಿಲ್ಲ ಅಂತ ತಾನೇ ಈ ಧೈರ್ಯ?"

"ನಮ್ಮಲ್ಲಿ ಸತ್ತವರ ಹಬ್ಬಕ್ಕೆ ಪಾದ್ರಿಗಳು ಸಹ ಅರ್ಧ ಗಂಟೆ..." ಎಂದು ವಿಲ್ಲಿ ಬಾಯಿ ಹಾಕಿದ.

"ನೀನು ಸುಮ್ಮನಿರು ಮಾರಾಯ" ಎಂದ ಸರ್ವೋತ್ತಮ. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದ. "ಅತ್ತಿಗೆ, ಎಲ್ಲರೂ ಹಸಿದಿದ್ದಾರೆ. ಐದು ನಿಮಿಷ ಹೆಚ್ಚು ಕಡಿಮೆ ಆದ್ರೆ ಅಣ್ಣ ಎಂತ ಬೇಸರ ಮಾಡ್ತಾನಾ? ಅವನಿಗೂ ಈ ಸೀರಿಯಲ್ ಅಂದ್ರೆ ಪ್ರಾಣ. ಇದ್ದಿದ್ರೆ ಅವನೇ ಬೇಗ ಮುಗಿಸಿ ಓಡಿ ಬರ್ತಿದ್ದ."

"ಇಲ್ಲ" ಎಂದಳು ಆಶಾಲತಾ. ಅವಳ ದನಿ ಏರಿತು. "ಅವರು ಯಾವುದಕ್ಕೂ ಊಟ ಅರ್ಧಕ್ಕೆ ಬಿಟ್ಟವರಲ್ಲ. ಕ್ಯಾಂಟೀನಿನಲ್ಲಿ ಸೈರನ್ ಕೂಗಿದ ಮೇಲೂ ಮೀನಿನ ಮುಳ್ಳು ಬಿಡಿಸ್ತಾ ಕೂರ್ತಿದ್ರು. ನಿಮಗೆ ಗೊತ್ತಿಲ್ಲದಿದ್ರೆ ನನಗೆ ಗೊತ್ತುಂಟು. ಮನೆಯಲ್ಲಿ ನಾನು ಎದುರು ಕೂತು ಕಾದಿದ್ದೇನೆ."

"ಹಾಗಾದ್ರೆ ನಮಗೆ ಸೀರಿಯಲ್ ನೋಡಲಿಕ್ಕಿಲ್ಲವಾ?"

"ನೋಡಿ. ಹಸಿದುಕೊಂಡು ನೋಡಿ. ನನಗೆ ಅದು ನಿಮಗಿಂತ ಬೇಕು. ಐದು ಕಾರ್ಡು ಬರೆದಿದ್ದೇನೆ ದೆಹಲಿಗೆ. ನೀವೊಂದು ಬರೆದಿದ್ದೀರಾ? ಟಿ.ವಿ. ತಕೊಂಡು ಹೋದ್ರಿ, ನಾನು ಮಾತಾಡಲಿಲ್ಲ. ಜನ ನೋಡ್ತಾರೆ, ಒಳಗಿರು ಅಂದ್ರಿ, ಅದಕ್ಕೂ ಮಾತಾಡಲಿಲ್ಲ. ವರ್ಷಕ್ಕೆ ಒಂದು ಊಟ. ಅದನ್ನೂ ನಿಮ್ಮ ಟೈಮಿಗೆ ಉಣ್ಣಬೇಕಾ ಅವರು?"

ಉಮಾವತಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಲೋಕನಾಥ ಕೈ ಚೆಲ್ಲಿದರು. "ಕಲಿತ ಹೆಣ್ಣನ್ನು ತಂದರೆ ಇದೇ ಅವಸ್ಥೆ" ಎಂದು ಹೇಳಿ ಹಿಂದೆ ಹೋದರು. ಅಷ್ಟರಲ್ಲಿ ಯಾರೋ ಟಿ.ವಿ.ಯ ದನಿ ಏರಿಸಿದರು. ದೂರದಲ್ಲೆಲ್ಲೋ ರೈಲಿನ ಸಿಳ್ಳು. ಅದರ ಹಿಂದೆಯೇ ಧಾರಾವಾಹಿ ಶುರುವಾಗುವಾಗಿನ ಆ ವಾದ್ಯ, ಕೆಳಗಿನ ಮೂರು ಸ್ವರ. ಎಲ್ಲರ ತಲೆಯೂ ಒಟ್ಟಿಗೆ ಆ ಕಡೆ ತಿರುಗಿತು. ಆಶಾಲತಾಳ ಕತ್ತೂ ತಾನಾಗಿ ತಿರುಗಿತು. ಅವಳು ಕೂತಲ್ಲಿಂದ ಕಾಣುತ್ತಿದ್ದದ್ದು ಪೆಟ್ಟಿಗೆಯ ಬದಿ, ಹಿಂದಿನ ಸೀಳುಗಳಲ್ಲಿ ಉರಿಯುವ ಕೆಂಪು ಚುಕ್ಕೆ, ನೋಡುವವರ ಮುಖಗಳು.

ಎದ್ದು ನಾಲ್ಕು ಹೆಜ್ಜೆ ಇಟ್ಟರೆ ಸಾಕಿತ್ತು. ಅವಳು ಕಾಲು ಮಡಚಿ ಬೆನ್ನನ್ನು ಹಲಗೆಗೆ ಇನ್ನಷ್ಟು ಒತ್ತಿದಳು. ಒಳಗಿನಿಂದ ಕೋಳಿ ಸಾರಿನ ವಾಸನೆ, ಎಣ್ಣೆಯ ವಾಸನೆ. ಹೊರಗೆ ಪ್ಲಾಟ್‌ಫಾರ್ಮಿನ ಮೇಲೆ ಬೂಟಿನ ಸದ್ದು, ಒಂದೊಂದೇ ಹೆಜ್ಜೆ, ನಿಧಾನ. ಲಾಟೀನಿನ ಹಿಡಿಯ ಕಿರಕಿರ. ಬೂಟು ನಿಂತಿತು.

ಚಾಪೆಯ ಮೇಲಿದ್ದವರೆಲ್ಲ ಒಮ್ಮೆಲೇ ಉಸಿರೆಳೆದರು. ವಿಲ್ಲಿಯ ಅಮ್ಮ, "ಜೇಜು!" ಎಂದು ಶಿಲುಬೆಯ ಗುರುತು ಮಾಡಿಕೊಂಡಳು.

"ಅತ್ತಿಗೇ!" ಸರ್ವೋತ್ತಮ ಜಗಳವನ್ನೇ ಮರೆತು ಇವಳ ಕಡೆ ತಿರುಗಿದ. "ಅದು ಯಾರು ಗೊತ್ತುಂಟಾ? ಅದು..."

"ಹೇಳಬೇಡ!" ಆಶಾಲತಾ ಕಿರುಚಿದಳು. ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು. "ಒಂದು ಮಾತು ಹೇಳಿದ್ರೆ ನೋಡು ಮತ್ತೆ!"

ಅವನು ಬಾಯಿ ಮುಚ್ಚಿಕೊಂಡು ಮೆಲ್ಲನೆ ಮುಂದಕ್ಕೆ ತಿರುಗಿದ.

ಅವಳು ಕೈ ತೆಗೆದಾಗ ಪಕ್ಕದಲ್ಲಿ ಯಾರೋ ಕೂರುತ್ತಿದ್ದರು. ಗುಲಾಬಿ. ಚಾವಡಿಯ ಮೂಲೆಯಿಂದ ಗೋಡೆ ಹಿಡಿದುಕೊಂಡು ಬಂದಿದ್ದಳು. ಮೊಣಕಾಲು ಮಡಚಲಾಗದೆ ಒಂದು ಕಾಲನ್ನು ಮುಂದಕ್ಕೆ ಚಾಚಿ ಕೂತಳು. ಸೊಂಟದಿಂದ ವೀಳ್ಯದ ಸಂಚಿ ತೆಗೆದು ಬಿಚ್ಚಿದಳು.

"ಏನು ಗುಲಾಬಿ, ನೀನೂ ಸೇರಿದೆಯಾ?" ಎಂದರು ಲೋಕನಾಥ, ಪರದೆಯಿಂದ ಕಣ್ಣು ತೆಗೆಯದೆ.

ಗುಲಾಬಿ ಎಲೆಯ ನಾರು ತೆಗೆದಳು, ಸುಣ್ಣ ಹಚ್ಚಿದಳು, ಅಡಿಕೆಯ ಚೂರನ್ನು ಆರಿಸಿ ಆರಿಸಿ ಇಟ್ಟಳು. ಮಡಚಿ ಬಾಯಿಗೆ ಹಾಕಿಕೊಳ್ಳುವ ಮೊದಲು ಬಾಗಿಲಿನ ಕಡೆ ತಿರುಗಿ, ಹಲಗೆಯ ಸಂದಿಗೆ ಬಾಯಿ ಇಟ್ಟು, "ಮೆಲ್ಲ ಉಣ್ಣು ಮಗಾ" ಎಂದಳು.

ಟಿ.ವಿ.ಯ ನೀಲಿ ಬೆಳಕು ಮುಚ್ಚಿದ ಬಾಗಿಲಿನ ಮೇಲೆ ಏರಿ ಇಳಿಯುತ್ತಿತ್ತು. ಕೆಳಗೆ, ಹೊಸ್ತಿಲಿನ ಅಂಚಿನಲ್ಲಿ, ಒಳಗಿನ ದೀಪದ ಒಂದು ಎಳೆ ಹಳದಿ ಬೆಳಕು ಇಬ್ಬರ ಸೀರೆಯವರೆಗೂ ಬಂದು ಅಲುಗದೆ ನಿಂತಿತ್ತು.