ರಾಣಿಯ ಹೊದಿಕೆ

ಕಂಪ್ಲಿಯ ಅಕ್ಕಿ ಗಿರಣಿಯ ತೋಟಪ್ಪನವರು ಯಂತ್ರ ಮಾರುವ ನೆಪದಲ್ಲಿ ಎರಡು ಸಲ ಘಾನಾ ದೇಶಕ್ಕೆ ಹೋಗಿ ಬಂದವರು. ಹಾಳೂರಿಗೆ ಉಳಿದವನೇ ಗೌಡ ಎನ್ನುವಂತೆ, ಆಫ್ರಿಕಾದ ವಿಷಯಕ್ಕೆ ಊರಲ್ಲಿ ಅವರ ಮಾತೇ ವೇದವಾಕ್ಯ. ಅಲ್ಲಿಂದ ತಂದ ಮುಖವಾಡ, ಬುಟ್ಟಿ, ಮರದ ಪೀಠಗಳನ್ನೆಲ್ಲ ಜೋಡಿಸಿ ಮನೆಯ ಮುಂದಿನ ಕೋಣೆಯಲ್ಲಿ ಒಂದು ಮ್ಯೂಸಿಯಂ ಮಾಡಿದ್ದರು. ಹೆಂಡತಿ ಕೊಟ್ರಮ್ಮನಿಗೆ ಅದರೊಳಗೆ ಪ್ರವೇಶವಿರಲಿಲ್ಲ. ಉದ್ಘಾಟನೆಯ ದಿನ ಅತಿಥಿಗಳಿಗೆ ಚಹಾ ಒಯ್ಯುವ ಭಾಗ್ಯ ಮಾತ್ರ ಸಿಕ್ಕಿತು.

ಅವಳಿಗೆ ಮ್ಯೂಸಿಯಂ ಬೇಕಾಗಿಯೂ ಇರಲಿಲ್ಲ. ತಿಂಗಳಿಂದ ಅವಳು ಹುಡುಕುತ್ತಿದ್ದದ್ದು ಒಂದು ಕೌದಿ. ತೀರಿಹೋದ ಅವ್ವ, ಮೆಟ್ರಿಯ ತವರುಮನೆಯ ಮಂದಿಯ ಹಳೆಯ ಸೀರೆ, ಧೋತರ ಕೂಡಿಸಿ ಹೊಲಿದುಕೊಟ್ಟದ್ದು. ಅಟ್ಟದ ಮೇಲಿದ್ದದ್ದು ಮಾಯವಾಗಿತ್ತು. ಕೇಳಿದರೆ ಗಂಡ, "ಹರಕ ಅರಿಬಿಗೆ ಎಷ್ಟ್ ಬಡಕೊಳ್ತಿ!" ಎಂದು ಗದರಿದ್ದರು.

ಚಹಾದ ತಟ್ಟೆ ಹಿಡಿದು ಒಳಗೆ ಬಂದವಳು ಗಕ್ಕನೆ ನಿಂತಳು. ಗಾಜಿನ ಹಿಂದೆ ಅವ್ವನ ಕೌದಿ! ಮ್ಯೂಸಿಯಂ ಸಿದ್ಧವಾಗುವವರೆಗೆ ಮುಖವಾಡ ಒಡೆಯದಿರಲೆಂದು ಕೆಲಸದವರು ಅಟ್ಟದಿಂದ ಅದನ್ನು ಇಳಿಸಿ, ಅದರಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದರು. ಪೆಟ್ಟಿಗೆಯಿಂದ ಹೊರಬಂದದ್ದೆಲ್ಲ ತೋಟಪ್ಪನವರಿಗೆ ಆಫ್ರಿಕಾ.

"ಘಾನಾದ ರಾಣಿ ಹೊದಿಕಿ, ಮೇಡಂ. ಇಂಥಾ ಕುಸುರಿ ನಮ್ಮ ಹೆಣ್ಮಕ್ಕಳ ಕೈಲೆ ಆಗಂಗಿಲ್ಲ," ಎಂದು ಅವರು ಹೊಸಪೇಟೆಯಿಂದ ಬಂದಿದ್ದ ಉಪನ್ಯಾಸಕಿ ಶೈಲಶ್ರೀಗೆ ವಿವರಿಸುತ್ತಿದ್ದರು. "ಈ ಸುಟ್ಟ ತೂತು ನೋಡ್ರಿ, ಅವರ ಅಗ್ನಿಪೂಜಿ ಗುರ್ತು."

ಶೈಲಶ್ರೀ "ಅದ್ಭುತ!" ಎನ್ನುತ್ತ ಫೋಟೊ ಮೇಲೆ ಫೋಟೊ ತೆಗೆದರು.

ಕೊಟ್ರಮ್ಮನಿಗೆ ಮೊದಲು ನಗು ಬಂತು, ಅದರ ಬೆನ್ನಿಗೇ ಮೈಯೆಲ್ಲ ಉರಿಯಿತು. ಹತ್ತು ವರ್ಷ ಇದನ್ನೇ ಹೊದ್ದು ಗೊರಕೆ ಹೊಡೆದ ಮನುಷ್ಯನಿಗೆ ಇದರ ಗುರುತೇ ಹತ್ತಿರಲಿಲ್ಲ. ಚಹಾದ ತಟ್ಟೆಯನ್ನು ಘಾನಾದ ಪೀಠದ ಮೇಲೆ ಕುಕ್ಕಿದಳು.

"ಆ ಅಗ್ನಿಪೂಜಿ ಮಾಡಿದಾವ್ರು ನೀವ ರೀ. ಮೊದಲ ದೀಪಾವಳಿಗೆ ಅಳೇತನಕ್ಕ ಬಂದಾಗ ನಮ್ಮಪ್ಪಗ ಹೆದ್ರಿ ಮುಸುಕಿನಾಗ ಬೀಡಿ ಸೇದಿದ್ರಲ್ಲ, ಮರ್ತ್ರೇನು? ಇದು ನಮ್ಮವ್ವ ಹೊಲ್ದ ಕೌದಿ."

ತೋಟಪ್ಪನವರು ಇಂಗು ತಿಂದ ಮಂಗನಂತಾದರು. ಶೈಲಶ್ರೀ, "ಅಯ್ಯ, ಕೌದಿನಾ? ನಮ್ಮನ್ಯಾಗ ನಾಯಿಗೆ ಹಾಸ್ತೀವಿ," ಎಂದು ಫೋನನ್ನು ಚೀಲಕ್ಕೆ ಹಾಕಿ ಮುಖವಾಡಗಳತ್ತ ಹೊರಳಿದರು.

ಆ ಮಾತು ಕೊಟ್ರಮ್ಮನಿಗೆ ಚುಚ್ಚಿತು. ಈಗಷ್ಟೇ ರಾಣಿಯ ಪಾಲಿನದಾಗಿದ್ದದ್ದು, ಅವ್ವನ ಹೆಸರು ಹೇಳಿದ್ದೇ ತಡ, ನಾಯಿಯ ಪಾಲಾಯಿತು. ಗಾಜಿನ ಬಾಗಿಲು ಸರಿಸಿ ಕೌದಿಯನ್ನು ಇಳಿಸಿಕೊಂಡಳು. ಮಡಚಲು ನೆರವಾಗುವವರಂತೆ ತೋಟಪ್ಪನವರು ಅದರ ಚುಂಗಿಗೆ ಕೈಹಾಕಿದರು. ಕೊಟ್ರಮ್ಮ ಅವರೇ ಬರೆಸಿ ಗೋಡೆಗೆ ಹಾಕಿದ್ದ ಬೋರ್ಡಿನತ್ತ ಬೆರಳು ಮಾಡಿ ಗಟ್ಟಿಯಾಗಿ ಓದಿದಳು.

"ವಸ್ತುಗಳನ್ನು ಮುಟ್ಟಬಾರದು."