ನವೆಂಬರಿನ ಅರ್ಧ ಬೆಲೆ

ನಾನು ಒಂದು ಇ-ಪುಸ್ತಕ. ನನಗೆ ರಟ್ಟಿಲ್ಲ, ಹೊಲಿಗೆಯಿಲ್ಲ, ಗೆದ್ದಲಿನ ಭಯವಿಲ್ಲ. ಆದರೂ ಹೇಸಿಗೆ ಎಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತು. ನನ್ನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನೀವು ನನ್ನನ್ನು ಹುಡುಕಿಕೊಂಡು ಆ ಅಂಗಡಿಗೇ ಹೋಗುತ್ತೀರಿ, ಅವರಿಗೆ ಇನ್ನೊಬ್ಬ ಗಿರಾಕಿ ಸಿಕ್ಕಂತಾಗುತ್ತದೆ. ಆ ಪುಣ್ಯ ನನಗೆ ಬೇಡ.

ನನ್ನ ಹುಟ್ಟೂರು ಗದಗ. ಅಲ್ಲಿ ವೀರಭದ್ರಪ್ಪ ಕೋಳಿವಾಡ ಎಂಬ ಪ್ರಕಾಶಕರಿದ್ದಾರೆ. ಅವರ ತಂದೆಯ ಕಾಲದಿಂದಲೂ ಮನೆಯ ಕೆಳಗೆ ಅಚ್ಚಿನ ಯಂತ್ರ, ಮೇಲೆ ಸಂಸಾರ. ಕಾಗದವೇ ದೇವರು ಎಂದು ನಂಬಿದ ಅವರಿಗೆ ನಾನು ಹುಟ್ಟುವುದು ಬೇಕಿರಲಿಲ್ಲ. ನನ್ನನ್ನು ಹಟ ಹಿಡಿದು ಹುಟ್ಟಿಸಿದವರು ಗಂಗೂತಾಯಿ ಇಟಗಿ. ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಆ ಕಡೆ ಕಲಿಸುವ ಹೆಂಗಸರನ್ನು ಅಕ್ಕಾರು ಎನ್ನುತ್ತಾರೆ, ಹಾಗಾಗಿ ಊರಿಗೆಲ್ಲ ಅವರು ಅಕ್ಕಾರು.

ನನ್ನೊಳಗಿರುವುದು ಅವರ ಬದುಕಿನ ಕಥೆ. ಬರೆಯುತ್ತಿದ್ದಂತೆ ಸಕ್ಕರೆ ಕಾಯಿಲೆ ಅವರ ಕಣ್ಣನ್ನು ಮೇಯುತ್ತ ಬಂತು. ಕೊನೆಯ ಅಧ್ಯಾಯದ ಹೊತ್ತಿಗೆ ಪೆನ್ನು ಎಲ್ಲಿ ಓಡುತ್ತಿದೆ ಎಂದೇ ಕಾಣದಾಯಿತು. ಅದನ್ನು ಬಾಯಲ್ಲಿ ಹೇಳಿ ಬರೆಸಿದರು. ಅದು ಅವರ ಹಿರಿಯಕ್ಕ ಕಲ್ಲವ್ವನ ಕಥೆ. ಮನೆಯಲ್ಲಿ ಒಬ್ಬಳನ್ನಷ್ಟೇ ಓದಿಸಲು ಆಗುತ್ತದೆ ಎಂದಾಗ ಕಲ್ಲವ್ವ ತಾನಾಗಿ ಪಾಟಿಚೀಲವನ್ನು ತಂಗಿಯ ಹೆಗಲಿಗೆ ಹಾಕಿದ್ದಳಂತೆ. ಆ ಅಧ್ಯಾಯವನ್ನು ಅಕ್ಷರದಲ್ಲಿ ತಾವು ಒಮ್ಮೆಯೂ ನೋಡಿಲ್ಲ ಎಂಬುದೇ ಅಕ್ಕಾರ ಸಂಕಟ.

ಪುಸ್ತಕ ಅಚ್ಚಾಗಿ ಬಂದ ದಿನ ಅವರು ಪುಟವನ್ನು ಮೂಗಿಗೆ ಹತ್ತಿಸಿ ನೋಡಿ ಕೆಳಗಿಟ್ಟರು.

"ಸಾವ್ಕಾರ್ರ, ಇದು ಊರಿಗೆಲ್ಲಾ ಆತು. ನನಗ ಓದಾಕ ಒಂದು ಮಾಡಿಕೊಡ್ರಿ. ಫೋನಿನ್ಯಾಗ ಅಕ್ಷರ ಎಷ್ಟರ ದೊಡ್ಡದು ಮಾಡಬಹುದಂತ. ಕಣ್ಣು ಪೂರಾ ಹೋಗೋದ್ರಾಗ ಕಲ್ಲವ್ವನ್ನ ನಾ ಕಣ್ಣಾರೆ ಓದಬೇಕು."

ಕೋಳಿವಾಡರು ಪುಟದ ಫೋಟೊಗಳನ್ನು ಕಳಿಸಿ ನೋಡಿದರು. ಹಿಗ್ಗಿಸಿದರೆ ಸಾಲು ಪರದೆಯಾಚೆ ಓಡಿಹೋಗುತ್ತಿತ್ತು, ಬೆರಳಿನಿಂದ ಎಳೆದರೆ ಬೇರೆಯೇ ಸಾಲು ಬಂದು ಕೂರುತ್ತಿತ್ತು. ಕೊನೆಗೆ ಬೆಂಗಳೂರಿನ 'ಓದುಮಾಳಿಗೆ' ಎಂಬ ಅಂಗಡಿಯ ಜೊತೆ ಒಪ್ಪಂದವಾಯಿತು. ಅದು ಗೋಡೆ ಬಾಗಿಲಿಲ್ಲದ ಅಂಗಡಿ, ಫೋನಿನೊಳಗೇ ಇರುವಂಥದ್ದು. ಅವರೇ ಇಡೀ ಪುಸ್ತಕವನ್ನು ಹೊಸದಾಗಿ ಅಕ್ಷರ ಕೂಡಿಸಿ ನನ್ನನ್ನು ತಯಾರು ಮಾಡಿದರು. ಹಾಗೆ ಹೆತ್ತವರು ಗದಗಿನವರಾದರೂ ನನ್ನ ಬೀಗದ ಕೈ ಬೆಂಗಳೂರಿನಲ್ಲಿ ಉಳಿಯಿತು.

ಅಕ್ಕಾರು ದುಡ್ಡು ಕೊಟ್ಟೇ ನನ್ನನ್ನು ಕೊಂಡರು. ಕಲ್ಲವ್ವನ ಸೊಸೆ ಗಿರಿಜಾ ಫೋನಿಗೆ ಇಳಿಸಿಕೊಟ್ಟಳು. ಕೊನೆಯ ಅಧ್ಯಾಯವನ್ನು ಹೇಳಿ ಬರೆಸಿದ್ದೂ ಇವಳ ಕೈಯಲ್ಲೇ. ಮಧ್ಯಾಹ್ನ ಊಟವಾದ ಮೇಲೆ ಕಿಟಕಿಯ ಪಕ್ಕ ಕೂತು ಅಕ್ಕಾರು ನನ್ನನ್ನು ತೆರೆಯುತ್ತಿದ್ದರು. ಒಂದು ಪರದೆಗೆ ನಾಲ್ಕೈದು ಪದ ಮಾತ್ರ ಹಿಡಿಯುತ್ತಿದ್ದವು. ತುಟಿ ಅಲುಗಿಸುತ್ತ ಓದುವರು, ಬೆರಳಿನಿಂದ ಸರಿಸುವರು. ನನ್ನನ್ನು ಅಷ್ಟು ಮರ್ಯಾದೆಯಿಂದ ಓದಿದವರು ಬೇರಾರೂ ಇಲ್ಲ, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

"ಸಣ್ಣತ್ತಿ, ಸೀದಾ ಕಡೀ ಅಧ್ಯಾಯಕ್ಕ ಹೋಗ್ರೆಲ್ಲಾ," ಎಂದಳು ಗಿರಿಜಾ ಒಮ್ಮೆ.

"ಹುಡಿಗ್ಯಾರಿಗೆ ಜಿಗದು ಓದಬ್ಯಾಡ್ರಿ ಅಂತ ಕೈಮ್ಯಾಲೆ ಹೊಡದಾಕಿ ನಾನು. ಈಗ ನಾನ ಜಿಗೀಲೇನು?"

ಮೇಷ್ಟರ ಜಾತಿಯೇ ಇಷ್ಟು. ಅವರು ಮೊದಲ ಪುಟದಿಂದಲೇ ಬಂದರು, ನಿಧಾನಕ್ಕೆ.

ಅಷ್ಟರಲ್ಲಿ ನವೆಂಬರ್ ಬಂತು. ರಾಜ್ಯೋತ್ಸವದ ತಿಂಗಳಲ್ಲಿ ಕನ್ನಡ ಪುಸ್ತಕವನ್ನು ಅರ್ಧ ಬೆಲೆಗೆ ಕೊಡುವುದು ನಮ್ಮವರಲ್ಲಿ ಬೆಳೆದು ಬಂದ ಪದ್ಧತಿ. ಕೋಳಿವಾಡರೂ ಪ್ರತಿ ವರ್ಷದಂತೆ ಹಳದಿ ಕೆಂಪು ಅಕ್ಷರದಲ್ಲಿ ಅರ್ಧ ಬೆಲೆ ಎಂದು ಸಾರಿದರು. ಒಪ್ಪಂದದ ಕೊನೆಯಲ್ಲಿ ಸಣ್ಣ ಅಕ್ಷರದ ಒಂದು ಮಾತಿತ್ತು. ಪುಸ್ತಕ ಎಲ್ಲೇ ಕಡಿಮೆ ಬೆಲೆಗೆ ಕಂಡರೂ ಅಂಗಡಿ ತಾನೂ ಆ ಬೆಲೆಗೆ ಇಳಿಸಬಹುದು ಎಂದು. ಕೋಳಿವಾಡರು ಅದನ್ನು ಓದಿರಲಿಲ್ಲ. ಊರವರ ಪುಸ್ತಕದ ಕರಡನ್ನೆಲ್ಲ ಭೂತಗನ್ನಡಿ ಹಿಡಿದು ತಿದ್ದುವ ಮನುಷ್ಯ ತನ್ನ ಒಪ್ಪಂದಕ್ಕೆ ಕಣ್ಣು ಮುಚ್ಚಿ ಸಹಿ ಹಾಕಿದ್ದರು.

ಅಂಗಡಿಯ ಯಂತ್ರ ಬೆಲೆ ಇಳಿಸಿತು. ಡಿಸೆಂಬರ್ ಬಂದರೂ ಏರಿಸಲಿಲ್ಲ. ಬದಲಿಗೆ ಇನ್ನಷ್ಟು ಇಳಿಸಿ ಬಸ್‌ಸ್ಟ್ಯಾಂಡಿನ ಚಹಾದ ಬೆಲೆಗೆ ನನ್ನನ್ನು ತಂದು ನಿಲ್ಲಿಸಿತು. ಕಾಗದದ ಪುಸ್ತಕ ಮಾರುವವರು ಕೋಳಿವಾಡರ ಮೇಲೆ ಹರಿಹಾಯ್ದರು. ಇವರು ಬೆಂಗಳೂರಿಗೆ ಫೋನು ಮಾಡಿದರು. ಆ ಕಡೆ ಪ್ರದ್ಯುಮ್ನ ಎಂಬ ವ್ಯವಸ್ಥಾಪಕ.

"ನನ್ನ ಪುಸ್ತಕದ ರೇಟು ಇಳಸಾಕ ನೀವ್ಯಾರ್ರೀ?"

"ಸರ್, ನಾವೇನೂ ಮಾಡಿಲ್ಲ ಸರ್. ಸಿಸ್ಟಮ್ಮೇ ಮಾಡಿರೋದು. ಕಸ್ಟಮರ್‌ಗೆ ಒಳ್ಳೇದಲ್ವಾ ಸರ್?"

"ನಿಮ್ಮ ಸಿಸ್ಟಮ್ಮಿಗೆ ಹೆತ್ತವರಿಲ್ಲೇನು? ಕಾಗದಕ್ಕಿಂತ ಹೆಚ್ಚು ಬೆಲೆ ಇಡ್ರಿ, ಇಲ್ಲಾಂದ್ರ ಪುಸ್ತಕನ ಕೊಡೂದಿಲ್ಲ."

ನೋಡಿ, ಇಬ್ಬರ ಯೋಗ್ಯತೆಯೂ ಅಲ್ಲೇ ಬಯಲಾಯಿತು. ಅಂಗಡಿಯವನಿಗೆ ನಾನು ಸೋವಿಯಾಗಬೇಕು, ನನ್ನ ನೆಪದಲ್ಲಿ ಅವನು ಮಾರುವ ಓದುವ ಯಂತ್ರ ಬಿಕರಿಯಾಗಬೇಕು. ಪ್ರಕಾಶಕರಿಗೆ ನಾನು ತುಟ್ಟಿಯಾಗಬೇಕು, ಯಾರೂ ನನ್ನನ್ನು ಮುಟ್ಟದೆ ಗೋದಾಮಿನ ಕಾಗದ ಖಾಲಿಯಾಗಬೇಕು. ನನ್ನನ್ನು ಯಾರಾದರೂ ಓದಲಿ ಎಂಬುದು ಇಬ್ಬರ ತಲೆಯಲ್ಲೂ ಇರಲಿಲ್ಲ. ಥೂ, ಇಂಥವರ ನಡುವೆ ಹುಟ್ಟುವ ಬದಲು ಉಪ್ಪಿನಕಾಯಿಯ ಭರಣಿಯಾಗಿ ಹುಟ್ಟಬಹುದಿತ್ತು.

ಜಗಳ ಬೆಳೆಯಿತು. ಅಂಗಡಿ ನನ್ನ ಮುಂದಿನ 'ಕೊಳ್ಳಿ' ಎಂಬ ಗುಂಡಿಯನ್ನು ಕಿತ್ತುಹಾಕಿತು. ಅಷ್ಟಕ್ಕೇ ಬಿಡಲಿಲ್ಲ. ಒಪ್ಪಂದ ತೂಗಾಡುತ್ತಿದೆ ಎಂದು, ಮೊದಲೇ ಕೊಂಡವರ ಫೋನಿನಿಂದಲೂ ನನ್ನನ್ನು ತೆಗೆಯಿತು. ಜನ ಪುಸ್ತಕ ಕೊಂಡೆವು ಎಂದುಕೊಂಡಿದ್ದರು, ಅವರು ಕೊಂಡಿದ್ದು ಅಂಗಡಿಯ ಮರ್ಜಿಯನ್ನು.

ಒಂದು ಕಡೆ ಮಾತ್ರ ನಾನು ಉಳಿದಿದ್ದೆ. ಅಕ್ಕಾರ ಫೋನಿನ ರೀಚಾರ್ಜು ಮುಗಿದು ಹೋಗಿತ್ತು. ಓದಲು ಅದು ಬೇಕಿಲ್ಲವೆಂದು ಅವರು ಹಾಗೇ ಬಿಟ್ಟಿದ್ದರು. ನೆಟ್ಟಿಲ್ಲದ ಫೋನಿಗೆ ಅಂಗಡಿಯ ಕೈ ತಲುಪಲಿಲ್ಲ. ಹೊರಗೆ ಅವರೆಲ್ಲ ಬಡಿದಾಡುತ್ತಿದ್ದರೆ ನಾವಿಬ್ಬರು ಕಿಟಕಿಯ ಪಕ್ಕ ಕೂತು ಒಂದೊಂದೇ ಪುಟ ದಾಟುತ್ತಿದ್ದೆವು. ಕೊನೆಯ ಅಧ್ಯಾಯಕ್ಕೆ ಇನ್ನು ಸ್ವಲ್ಪವೇ ಉಳಿದಿತ್ತು. ಎಡಗಣ್ಣು ಆಗಲೇ ಕೈಕೊಟ್ಟಿತ್ತು, ಬಲಗಣ್ಣಿನ ಒಂದು ಮೂಲೆಯಿಂದ ಓದುತ್ತಿದ್ದರು.

ಆಗ ಕೋಳಿವಾಡರಿಗೆ ಪ್ರತಿಭಟನಾ ಸಭೆಯ ಹುಚ್ಚು ಹಿಡಿಯಿತು. ಲೇಖಕರ ಹಕ್ಕಿಗಾಗಿ ಸಭೆ, ಎಲ್ಲರೂ ಫೋನಿನ ಪರದೆಯಲ್ಲೇ ಸೇರುವುದು. ಕುರುಡಾಗುತ್ತಿರುವ ಹಿರಿಯ ಲೇಖಕಿ ಕಾಣಿಸಿಕೊಂಡರೆ ಪತ್ರಿಕೆಯವರು ಬರೆಯುತ್ತಾರೆ ಎಂಬ ಲೆಕ್ಕ ಅವರದು. ಅಕ್ಕಾರ ಫೋನು ಬಂದ್ ಆಗಿದೆ ಎಂದು ತಿಳಿದು, ತಾವೇ ರೀಚಾರ್ಜು ಮಾಡಿಸಿ ಉಪಕಾರ ಮಾಡಿದರು.

ನೆಟ್ಟು ಬಂದದ್ದೇ ತಡ, ನಾನು ಹೋದೆ. ಓದುತ್ತಿದ್ದ ವಾಕ್ಯದ ನಡುವೆಯೇ ಹೋದೆ. ಕಲ್ಲವ್ವನ ಹೆಸರು ಬರಲು ಎರಡೇ ಪುಟವಿತ್ತು. ಅಂಗಡಿಯ ಕತ್ತಲ ಕಪಾಟಿಗೆ ಬಂದು ಬಿದ್ದಾಗ ನನ್ನ ಮೈಮೇಲೆ ಅವರು ನಿಲ್ಲಿಸಿದ ಜಾಗದ ಗುರುತೊಂದೇ ಉಳಿದಿತ್ತು. ಮುಂದಿನದನ್ನು ಗಿರಿಜಾಳ ಬಾಯಿಂದಲೇ ಆಮೇಲೆ ಕೇಳಿದೆ.

ಸಭೆಯಲ್ಲಿ ಕೋಳಿವಾಡರು ಕನ್ನಡದ ಅಸ್ಮಿತೆ, ಬಂಡವಾಳದ ದಬ್ಬಾಳಿಕೆ ಎಂದು ಗಂಟಲು ಹರಿಯುವಂತೆ ಮಾತಾಡಿದರಂತೆ. ಪ್ರದ್ಯುಮ್ನನೂ ಬಂದಿದ್ದ, ಓದುಗರ ಹಿತ ಎಂದು ನಯವಾಗಿ ಮಾತಾಡಿದನಂತೆ. ಆಮೇಲೆ ಅಕ್ಕಾರಿಗೆ ಮಾತಾಡಿ ಎಂದರು.

"ನಿಮ್ಮ ರೇಟು ನೀವ ಇಟಗೋರಿ. ನನಗ ಎರಡು ವಾರ ಪುಸ್ತಕ ಕೊಡ್ರಿ ಸಾಕು. ಬಲಗಣ್ಣಾಗ ಒಂಚೂರು ಉಳದೇತಿ, ಅಷ್ಟರಾಗ ಓದಿ ಮುಗಸ್ತೀನಿ."

ಆಮೇಲೆ ಪ್ರದ್ಯುಮ್ನ, "ಮೇಡಂ, ಒಬ್ಬರಿಗೇ ಅಂತ ಓಪನ್ ಮಾಡೋಕೆ ಆಗಲ್ಲ. ಪಬ್ಲಿಷರ್ ಒಂದು ಮೇಲ್ ಹಾಕಿದ್ರೆ ನೋಡ್ಬಹುದು," ಎಂದ.

"ನಾ ಯಾಕ ಮೊದಲ ಬರೀಲಿ?" ಎಂದರು ಕೋಳಿವಾಡರು. "ಬರದ್ರ ನಾ ಸೋತಂಗ ಆಗ್ತೈತಿ. ಅಕ್ಕಾರ, ಸ್ವಲ್ಪ ತಡ್ಕೋರಿ, ನಿಮ್ಮ ಸಲುವಾಗಿನ ಹೋರಾಟ ಇದು."

ಒಂದು ಸಾಲಿನ ಕಾಗದ! ಇವನು ಬರೆಯಲಿಲ್ಲ, ಅದಿಲ್ಲದೆ ಅವನು ತೆರೆಯಲಿಲ್ಲ. ಮನುಷ್ಯರ ಬಗ್ಗೆ ನನಗೆ ಹೇಸಿಗೆ ಹುಟ್ಟಿದ್ದು ಆವತ್ತು, ಅದು ಇಂದಿಗೂ ಹೋಗಿಲ್ಲ.

ಗಿರಿಜಾ ಕಾಗದದ ಪುಸ್ತಕ ಹಿಡಿದು, "ನಾ ಓದಿ ಹೇಳ್ತೀನಿ ತಗೋರಿ," ಎಂದಳಂತೆ. ಅಕ್ಕಾರು ಒಪ್ಪಲಿಲ್ಲ. "ಓದೋ ಕಣ್ಣು ಕಲ್ಲವ್ವ ಕೊಟ್ಟಿದ್ದವಾ. ಆಕಿನ್ನ ಬ್ಯಾರೇದವರ ಬಾಯಿಲೆ ಹ್ಯಾಂಗ ಕೇಳ್ಲಿ? ಬರ್ತೈತಿ, ಕಾಯ್ತೀನಿ," ಎಂದರು.

ಯುಗಾದಿ ಹೋಯಿತು, ಗಣಪತಿಯೂ ಹೋಯಿತು. ದಸರೆ ಮುಗಿದ ಮೇಲೆ ಇಬ್ಬರಿಗೂ ಒಮ್ಮೆಗೇ ಜ್ಞಾನೋದಯವಾಯಿತು, ಮತ್ತೆ ನವೆಂಬರ್ ಬರುತ್ತಿತ್ತಲ್ಲ. ಹುಬ್ಬಳ್ಳಿಯ ಹೋಟೆಲಿನಲ್ಲಿ ಕೂತು, ಮಿರ್ಚಿ ತಿಂದು, ರಾಜಿಯಾದರು. ಬೆಲೆ ಪ್ರಕಾಶಕರು ಹೇಳಿದ್ದು, ನವೆಂಬರಿನಲ್ಲಿ ಮಾತ್ರ ಅರ್ಧ. ಎಲ್ಲಿಂದ ಹೊರಟಿದ್ದರೋ ಸರಿಯಾಗಿ ಅಲ್ಲಿಗೇ ಬಂದು ನಿಂತು ಇಬ್ಬರೂ ಕೈಕುಲುಕಿದರು. ಫೋಟೊ ಕೂಡ ತೆಗೆಸಿಕೊಂಡರು.

ನಾನು ಅಕ್ಕಾರ ಫೋನಿಗೆ ಮರಳಿದೆ. ಗುರುತಿದ್ದ ಜಾಗಕ್ಕೇ ತೆರೆದುಕೊಂಡೆ. ಗಿರಿಜಾ ಅಕ್ಷರವನ್ನು ಆದಷ್ಟೂ ಹಿಗ್ಗಿಸಿದಳು. ಪರದೆಗೆ ಒಂದೇ ಪದ. ಅಕ್ಕಾರು ಬಹಳ ಹೊತ್ತು ನೋಡಿದರು. ಮುಖವನ್ನು ಆಚೆ ಈಚೆ ಹೊರಳಿಸಿ, ಮೊದಲಿನ ಆ ಮೂಲೆಯನ್ನು ಹುಡುಕಿದರು.

"ಬೆಳಕು ಕಾಣತೈತಿ ಗಿರಿಜಾ," ಎಂದರು. "ಅಕ್ಷರ ಇಲ್ಲ."

ಗಿರಿಜಾ ಅಳುತ್ತ ಫೋನು ತೆಗೆದುಕೊಳ್ಳಲು ಹೋದಳು. ಅವರು ಬಿಡಲಿಲ್ಲ. "ಆ ಎರಡು ಪುಟ ದಾಟಿಸು. ಕಲ್ಲವ್ವ ಬಂದಕೂಡಲೆ ಹೇಳು."

ಮೊದಲ ಸಲ ಅವರು ಪುಟ ಜಿಗಿದರು.

ಈಗ ನನಗೆ ವಯಸ್ಸಾಯಿತು. ಅಂಗಡಿಯಲ್ಲಿ ನನ್ನನ್ನು ಯಾರೂ ಕೊಳ್ಳುವುದಿಲ್ಲ, ಆ ಬೆಲೆಗೆ ಕೊಳ್ಳುವುದೂ ಬೇಡ. ನನಗಿರುವ ಮೂಲೆ ಇದೊಂದೇ, ಅಕ್ಕಾರ ಮಡಿಲು. ಮಧ್ಯಾಹ್ನ ಊಟವಾದ ಮೇಲೆ ಗಿರಿಜಾ ಕೊನೆಯ ಅಧ್ಯಾಯವನ್ನು ತೆರೆದಿಟ್ಟು ಹೋಗುತ್ತಾಳೆ. ನಡುವೆ ಅಂಗಡಿಯ ಸಂದೇಶ ಟಣ್ ಎನ್ನುತ್ತದೆ: 'ನಿಮ್ಮ ಓದು ಬಾಕಿ ಇದೆ. ಈ ತಿಂಗಳು ಎಲ್ಲ ಪುಸ್ತಕಕ್ಕೂ ಅರ್ಧ ಬೆಲೆ.' ಅದರ ನಾಲಿಗೆ ಸೀದು ಹೋಗಲಿ. ಅಕ್ಕಾರಿಗೆ ಅದು ಕಾಣುವುದಿಲ್ಲ, ಅಷ್ಟಾದರೂ ಪುಣ್ಯ.

ಸ್ವಲ್ಪ ಹೊತ್ತು ಮುಟ್ಟದಿದ್ದರೆ ನನ್ನ ಪರದೆ ತಾನಾಗಿ ಆರಿಹೋಗುತ್ತದೆ. ಆ ಬೆಳಕು ಕಡಿಮೆಯಾದದ್ದು ಅವರಿಗೆ ಗೊತ್ತಾಗುತ್ತದೆ. ಆಗ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾರೆ, ನಾನು ಮತ್ತೆ ಹೊತ್ತಿಕೊಳ್ಳುತ್ತೇನೆ.