ಲೆಕ್ಕಕ್ಕೆ ಬಾರದ ಪಂದ್ಯ

ವರದಾ ನದಿಗೆ ಮೇಲ್ಗಡೆ ಸೇತುವೆಯಾದ ವರ್ಷ ಬನವಾಸಿ ಸುತ್ತಲಿನ ದೋಣಿಯವರ ಹೊಟ್ಟೆಗೆ ಪೆಟ್ಟು ಬಿತ್ತು. ಬಸ್ಸು ಹೊಳೆ ದಾಟತೊಡಗಿದ ಮೇಲೆ ದೋಣಿ ಯಾರಿಗೆ ಬೇಕು? ದೋಣಿಯಲ್ಲಿ ಜನ ದಾಟಿಸುವ ಐದು ಕಡವುಗಳಲ್ಲಿ ನಾಲ್ಕನ್ನು ಮುಚ್ಚಿದರು. ಸೇತುವೆಯಿಂದ ದೂರವಿದ್ದ ಕೆಳಗಿನ ಕಡವೊಂದೇ ಉಳಿಯಿತು. ಅದನ್ನು ನಡೆಸಲು ಒಬ್ಬ ಸಾಕು, ಆಚೆ ದಡದ ಕಡವಿನ ಮನೆಯೂ ಅವನಿಗೇ ಎಂದು ಪಂಚಾಯತಿಯವರು ಸಾರಿದರು.

ಆ ಮನೆಯಲ್ಲಿ ಆಗ ಇದ್ದವನು ಕೆರಿಯ. ಅವನ ಅಪ್ಪ, ಅಜ್ಜ ಎಲ್ಲರೂ ಹುಟ್ಟು ಹಾಕಿಯೇ ಬದುಕಿದವರು. ಹೆಂಡತಿ ಮಂಜಿಗೆ ಏಳನೆಯ ತಿಂಗಳು. ಕಡವು ಕೈಬಿಟ್ಟರೆ ಅವನಿಗೆ ಉಳಿಯುವ ದಾರಿ ಒಂದೇ, ಯಲ್ಲಾಪುರದ ಕಾಡಿನಲ್ಲಿ ಮರ ಕಡಿಯುವ ಕೆಲಸ. ಮೂರು ವರ್ಷದ ಹಿಂದೆ ಒಂದು ಬೇಸಿಗೆ ಗಂಡಹೆಂಡಿರು ಅಲ್ಲಿಗೆ ಹೋಗಿದ್ದರು. ಕೆರಿಯನ ಅಣ್ಣ ಅಲ್ಲೇ ಜ್ವರ ಬಂದು ಸತ್ತ. ಅದೇ ಜ್ವರ ಮಂಜಿಯ ಮೊದಲ ಕೂಸನ್ನೂ ಒಯ್ದಿತು. ಕೂಸನ್ನು ಎಲ್ಲಿ ಮಣ್ಣು ಮಾಡಿದ್ದೆಂಬ ಗುರುತು ಸಹ ಈಗ ಸಿಗಲಾರದು. ತಿರುಗಿ ಬರುವಾಗ ಮಂಜಿ ಒಂದೇ ಮಾತು ಹೇಳಿದ್ದಳು: "ಇನ್ನು ಆ ಕಾಡಿಗೆ ನಾ ಕಾಲಿಡೂದಿಲ್ಲ. ನೀವು ಹೋದ್ರೆ ನಾನಿಲ್ಲ ಅಂತ ತಿಳ್ಕಣಿ."

ಕಡವು ಯಾರಿಗೆ ಎನ್ನುವುದನ್ನು ನಿರ್ಧರಿಸಬೇಕಾದವರು ಪಂಚಾಯತಿ ಚೇರ್ಮನ್ ಶಿವಲಿಂಗಪ್ಪನವರು. ಹಳೆಯ ಮುಂಬಯಿ ಸರ್ಕಾರದ ಕಾಲದಲ್ಲಿ ಬೊಂಬಾಯಿಯ ಬಂದರಿನ ಹತ್ತಿರ ಒಬ್ಬ ವ್ಯಾಪಾರಿಯ ಪೇಢಿಯಲ್ಲಿ ಗುಮಾಸ್ತರಾಗಿದ್ದು ಬಂದವರು. ಅಲ್ಲಿ ದೊಡ್ಡವರು ಹಾಯಿದೋಣಿಯ ಪಂದ್ಯ ಆಡುವುದನ್ನು ವರ್ಷಗಟ್ಟಲೆ ನೋಡಿದ್ದರು. ಶಿಫಾರಸಿಗೆ ಬಂದವರನ್ನೆಲ್ಲ ಹೊರಗೆ ಕಳಿಸಿ, ಐದೂ ಜನ ದೋಣಿಯವರನ್ನು ದಡದ ಮೇಲೆ ಕೂರಿಸಿಕೊಂಡು ಹೇಳಿದರು:

"ಕೇಳ್ರಿ, ಯಾರ ಮುಖಾನೂ ನೋಡಂಗಿಲ್ಲ ನಾನು. ಪಂದ್ಯ ಇಡ್ತೀನಿ. ಆಚೆ ದಡಕ್ಕ ಹೋಗೂವಾಗ ಹಾಯಿ ಕಟ್ರಿ, ಬರೂವಾಗ ಹುಟ್ಟು ಹಾಕ್ರಿ. ಆದ್ರ ಒಂದು ಪಂದ್ಯದಾಗ ಏನು ಗೊತ್ತಾಗತೈತಿ? ಗಾಳಿ ಯಾರ ಕಡೆಗೆ ಬೀಸ್ತೋ ಅವ ಗೆಲ್ತಾನ. ಅದಕ್ಕ ಐದು ಪಂದ್ಯ. ಮೊದಲು ಬಂದವಗ ಒಂದು ಅಂಕ, ಎರಡನೇದವಗ ಎರಡು, ಹಂಗ. ಅರ್ಧಕ್ಕ ಬಿಟ್ಟವಗ ಆರು. ಕಡೀಕ ಯಾರ ಅಂಕ ಕಡಿಮಿಯೋ ಅವಗ ಕಡವು."

"ಆರು ಬಿದ್ದವ ಮುಗ್ದೇ ಹೋದಂಗಾಯ್ತಲ್ರಾ?" ಎಂದು ಕೇಳಿದವನು ರಾಮ. ಮಂಜಿಯ ಅಣ್ಣ ಅವನು. ಮೇಲಿನ ಕಡವಿನಲ್ಲಿ ದೋಣಿ ನಡೆಸುತ್ತಿದ್ದವನು.

"ಇಲ್ಲೋ ಮಾರಾಯ. ಕೆಟ್ಟ ದಿನ ಎಲ್ಲಾರಿಗೂ ಇರ್ತಾವ. ಪ್ರತಿಯೊಬ್ಬನ ಐದು ಪಂದ್ಯದಾಗ ಎಲ್ಲಕ್ಕಿಂತ ಕೆಟ್ಟದ್ದು ಒಂದನ್ನ ಬಿಟ್ಟುಬಿಡ್ತೀನಿ. ಅದು ಲೆಕ್ಕಕ್ಕಿಲ್ಲ. ಉಳಿದ ನಾಕು ಕೂಡಿಸೂದು."

ದೋಣಿಯವರಿಗೆ ಈ ಮಾತು ಹಿಡಿಸಿತು. ಕೆರಿಯನಿಗೂ ಹಿಡಿಸಿತು.

ಶ್ರಾವಣದಲ್ಲಿ ಹೊಳೆ ಗದ್ದೆಗಳನ್ನೆಲ್ಲ ನುಂಗಿ ಅಗಲವಾಗಿ ಹರಿಯುವಾಗ ಪಂದ್ಯ ಶುರುವಾಯಿತು. ಮೊದಲ ಎರಡನ್ನೂ ಕೆರಿಯನೇ ಗೆದ್ದ. ರಾಮ ಮೊದಲನೆಯದರಲ್ಲಿ ಎರಡನೆಯವನಾದ. ಎರಡನೆಯ ಪಂದ್ಯದಲ್ಲಿ ಅವನ ಗೋಣಿತಟ್ಟಿನ ಹಾಯಿ ನಡುನೀರಿನಲ್ಲಿ ಹರಿದು, ಅರ್ಧಕ್ಕೇ ನಿಂತು ಆರು ಅಂಕ ಹೊತ್ತುಕೊಂಡ. ಆಮೇಲೆ ಅವನು ಸಿರ್ಸಿ ಪೇಟೆಗೆ ಹೋಗಿ ದಪ್ಪ ಮಾದರಪಾಟು ಬಟ್ಟೆ ತಂದು ಹೊಸ ಹಾಯಿ ಹೊಲಿಸಿದ. ಅಲ್ಲಿಂದ ಅವನನ್ನು ಹಿಡಿಯುವವರಿಲ್ಲ. ಮೂರನೆಯದು, ನಾಲ್ಕನೆಯದು ಎರಡರಲ್ಲೂ ರಾಮ ಮೊದಲು, ಕೆರಿಯ ಎರಡನೆಯವ.

ಕೊನೆಯ ಪಂದ್ಯದ ಹಿಂದಿನ ದಿನ ಮಧ್ಯಾಹ್ನ ಕೆರಿಯ ಜಗಲಿಯ ಮೇಲೆ ಕಲ್ಲುಹರಳು ಹರಡಿಕೊಂಡು ಕೂತ. ಉಂಡ ತಟ್ಟೆ ಅಲ್ಲೇ ಒಣಗುತ್ತಿತ್ತು. ಹೊಸ ಹಾಯಿಯ ಎದುರು ತಾನು ಗೆಲ್ಲುವುದು ಸುಳ್ಳು. ರಾಮ ಇನ್ನೊಮ್ಮೆ ಮೊದಲು ಬಂದರೆ ಅವನ ಆರನ್ನು ಬಿಟ್ಟು ಉಳಿದದ್ದು ಐದು. ತನ್ನದು ಎರಡನೆಯವನಾಗಿ ಬಂದರೂ ಆರು. ಒಂದೇ ಒಂದು ಅಂಕದಿಂದ ಮನೆ ಹೋಯಿತು. ಹರಳುಗಳನ್ನು ಕೆಡಿಸಿದ, ಮತ್ತೆ ಇಟ್ಟ. ಆಗ ಅವನ ಕೈ ತಾನೇ ನಿಂತಿತು.

ತನಗೆ ಬಿಟ್ಟುಬಿಡಲು ಒಂದು ಪಂದ್ಯ ಇನ್ನೂ ಬಾಕಿಯಿದೆ. ರಾಮನಿಗೆ ಇಲ್ಲ, ಅವನ ಕೆಟ್ಟ ದಿನ ಆಗಲೇ ಖರ್ಚಾಗಿದೆ. ನಾಳೆ ತಾನು ಕೊನೆಗೆ ಬಂದರೂ, ಬರದೇ ಹೋದರೂ ತನ್ನ ಮೊತ್ತ ಆರೇ. ರಾಮ ಮಾತ್ರ ಮೂರನೆಯವನೋ ಅದಕ್ಕೂ ಹಿಂದೋ ಆದರೆ ಅವನ ಮೊತ್ತ ಏಳಕ್ಕೆ ಕಡಿಮೆಯಾಗದು.

"ಎಂತ ಆಯ್ತು?" ಬಾಗಿಲಿಗೆ ಒರಗಿ ನಿಂತಿದ್ದ ಮಂಜಿ ಕೇಳಿದಳು.

"ನಾಳೆ ನಾ ಗೆಲ್ಲೂದೇ ಬ್ಯಾಡ. ಭಾವನ್ನ ತಡದ್ರೆ ಸಾಕು. ಅವನ ಹಾಯಿಗೆ ಗಾಳಿ ಸಿಗದಂಗೆ ಅಡ್ಡ ಹೋಗ್ತೆ. ಇಬ್ರು ನಮ್ಮನ್ನ ದಾಟಿ ಹೋಗೂವರೆಗೆ ಹಿಡದಿಟ್ರೆ ಆಯ್ತು."

ಮಂಜಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೊಳೆಯ ಕಡೆ ನೋಡಿದಳು.

"ಅವ ಎಂತ ಮಾಡ್ತಾ ಆಮೇಲೆ?"

"ಅವಂಗೆ ನಿಲ್ಕುಂದದಲ್ಲಿ ಹೆಂಡ್ತಿ ತವರು ಐತೆ. ಒಂದು ಹಿಡಿ ಗದ್ದೆ ಐತೆ. ನಮ್ಗೆ ಎಂತ ಐತೆ ಹೇಳು?"

ಮಂಜಿ ಬಗ್ಗಿ ತಟ್ಟೆ ಎತ್ತಿಕೊಂಡಳು. "ಪೆಟ್ಟಾಗದಂಗೆ ನೋಡ್ಕಣಿ," ಎಂದಷ್ಟೇ ಹೇಳಿ ಒಳಗೆ ಹೋದಳು. ಅದನ್ನು ಕೆರಿಯ ಒಪ್ಪಿಗೆಯೆಂದೇ ತಿಳಿದುಕೊಂಡ.

ಮರುದಿನ ಗಾಳಿ ಜೋರಾಗಿತ್ತು. ಶಿವಲಿಂಗಪ್ಪನವರು ಟವೆಲು ಬೀಸಿದ ಕೂಡಲೇ ಐದು ದೋಣಿಗಳೂ ಹೊರಟವು. ರಾಮನ ಬಿಳಿ ಹಾಯಿ ಉಬ್ಬುವ ಮೊದಲೇ ಕೆರಿಯ ತನ್ನ ದೋಣಿಯನ್ನು ಅವನ ಬೆನ್ನಿಗೆ ತಂದ. ಗಾಳಿ ಕೆರಿಯನ ಗೋಣಿಹಾಯಿಗೆ ಬಿತ್ತು. ರಾಮನದು ಒದ್ದೆ ಬಟ್ಟೆಯಂತೆ ಜೋತುಬಿತ್ತು. ರಾಮ ಎಡಕ್ಕೆ ತಿರುಗಿದರೆ ಕೆರಿಯನೂ ಎಡಕ್ಕೆ, ಬಲಕ್ಕೆ ತಿರುಗಿದರೆ ಬಲಕ್ಕೆ. ಕೆಳಗಿನ ಬದಿಯಿಂದ ಚೌಡ ಎಂಬವನ ದೋಣಿ ಮುಂದೆ ಹೋಯಿತು. ಅವನ ಹಿಂದೆ ಇನ್ನೊಂದು.

"ಎಂತ ಮಾಡ್ತಿದ್ಯೋ ಭಾವ?" ರಾಮ ಕೂಗಿದ. "ಪಂದ್ಯ ಆಡೂಕೆ ಬಂದದ್ದಾ, ನನ್ನ ಸಾಯ್ಸೂಕೆ ಬಂದದ್ದಾ?"

ಕೆರಿಯ ದೋಣಿಯನ್ನು ಇನ್ನಷ್ಟು ಅವನ ಹತ್ತಿರಕ್ಕೆ ತಂದ.

ಆಚೆ ದಡ ಮುಟ್ಟಿ, ಹಾಯಿ ಇಳಿಸಿ ತಿರುಗುವಾಗ ಇವರಿಬ್ಬರೇ ಹಿಂದೆ. ಆದರೆ ಹುಟ್ಟು ಹಾಕುವುದರಲ್ಲಿ ರಾಮನನ್ನು ಸೋಲಿಸಿದವರಿಲ್ಲ. ಮುಂದಿನ ದೋಣಿಗಳು ಎದುರುಗಾಳಿಗೆ ಸುಸ್ತಾಗತೊಡಗಿದ್ದವು. ರಾಮ ಒಂದೊಂದೇ ಮಾರು ಹತ್ತಿರವಾಗುತ್ತ ಹೋದ. ನಡುಹೊಳೆಯಲ್ಲಿ ಅರ್ಧ ಮುಳುಗಿದ್ದ ಮತ್ತಿಮರದ ಬೊಡ್ಡೆಯ ಹತ್ತಿರ, ಮರಕ್ಕೂ ಕೆರಿಯನ ದೋಣಿಗೂ ನಡುವೆ ಒಂದು ಸಂದು ಸಿಕ್ಕಿತು. ರಾಮ ಅದರಲ್ಲಿ ನುಗ್ಗಿದ. ಸೆಳೆತ ಎರಡು ದೋಣಿಗಳನ್ನೂ ಕೂಡಿಸತೊಡಗಿತು. ರಾಮನ ದೋಣಿ ಬೊಡ್ಡೆಗೆ ಹತ್ತಿಕೊಂಡಿತು. ಅವನು ಕೆರಿಯನ ದೋಣಿಯನ್ನು ದೂಡಲು ಬಲಗೈ ಚಾಚಿ ಅದರ ಅಂಚನ್ನು ಹಿಡಿದ.

ಕೆರಿಯನಿಗೆ ಆ ಕೈ ಕಂಡಿತು. ಒಂದು ಸಲ ಹುಟ್ಟು ಹಿಂದಕ್ಕೆ ಎಳೆದಿದ್ದರೆ ದೋಣಿ ಸರಿಯುತ್ತಿತ್ತು. ಸರಿದಿದ್ದರೆ ರಾಮ ದಾಟಿ ಹೋಗುತ್ತಿದ್ದ. ಕೆರಿಯ ಹುಟ್ಟು ಎಳೆಯಲಿಲ್ಲ.

ಎರಡು ದೋಣಿಗಳ ನಡುವೆ ಕೈ ಸಿಕ್ಕಿ ಮರ ಮುರಿದ ಹಾಗೆ ಸದ್ದಾಯಿತು. ರಾಮ ಕೂಗಲೂ ಇಲ್ಲ. ಬಾಯಿ ತೆರೆದುಕೊಂಡು ಹಾಗೇ ನೀರಿಗೆ ಜಾರಿದ. ಆಗ ಕೆರಿಯನಿಗೆ ಕಡವು, ಅಂಕ, ಮನೆ ಒಂದೂ ನೆನಪಿರಲಿಲ್ಲ. ಹೊಳೆಗೆ ಹಾರಿ, ಕೆಂಪು ನೀರಿನಲ್ಲಿ ತಡಕಾಡಿ, ಅವನ ಜುಟ್ಟು ಹಿಡಿದು ಬೊಡ್ಡೆಯ ಮೇಲೆ ಎಳೆದು ತಂದ. ದೋಣಿಗಳು ಎರಡೂ ತೇಲಿಹೋದವು.

ಅಂದೇ ರಾಮನನ್ನು ಗಾಡಿಯಲ್ಲಿ ಸಿರ್ಸಿಯ ದವಾಖಾನೆಗೆ ಒಯ್ದರು. ಬಲಗೈಯ ಮೂರು ಬೆರಳು ತೆಗೆಯಬೇಕಾಯಿತು. ಅವನ ಹೆಂಡತಿ ದುರ್ಗಮ್ಮನ ಜೊತೆ ಮಂಜಿಯೂ ಹೋದಳು, ತುಂಬಿದ ಹೊಟ್ಟೆ ಹೊತ್ತುಕೊಂಡು.

ಶಿವಲಿಂಗಪ್ಪನವರು ದಡದಲ್ಲೇ ಲೆಕ್ಕ ಓದಿ ಹೇಳಿದರು. ಚೌಡ ಆ ದಿನ ಗೆದ್ದಿದ್ದ. ಕೆರಿಯನಿಗೂ ರಾಮನಿಗೂ ಆರಾರು. ಬಿಡುವುದನ್ನು ಬಿಟ್ಟು ಕೂಡಿಸಿದರೆ ಕೆರಿಯನದು ಆರು, ರಾಮ ಮತ್ತು ಚೌಡ ಇಬ್ಬರದೂ ಹತ್ತು. "ಅಡ್ಡ ಹೋಗೂದು ತಪ್ಪಲ್ಲ. ಬೊಂಬಾಯಿಯಾಗೂ ಹೋಗ್ತಾರ," ಎಂದರು ಅವರು. "ಮ್ಯಾಲ ನೀನ ಜಿಗದು ಜೀವ ಉಳಿಸಿದಿ. ಕಡವು ನಿಂದಪ್ಪ." ಜನ ಕೆರಿಯನ ಬೆನ್ನು ತಟ್ಟಿದರು. ಅವನು ಹೂಂ ಎಂದು ತಲೆಯಾಡಿಸಿದ.

ವಾರ ಕಳೆದ ಮೇಲೆ ಮಂಜಿ ಬಂದಳು. ಒಳಗೆ ಬರದೆ ಅಂಗಳದಲ್ಲೇ ನಿಂತಳು.

"ಒಂದು ಕೇಳ್ತೆ, ಸುಳ್ಳು ಹೇಳ್ಬ್ಯಾಡಿ. ಅವನ ಕೈ ನಿಮ್ಗೆ ಕಂಡಿತ್ತಾ?"

ಕೆರಿಯ ಅವಳ ಮುಖ ನೋಡಲಾರದೆ ನೆಲ ನೋಡಿದ. "ಕಂಡಿತ್ತು."

"ಅಣ್ಣ ನಿಮ್ಮನ್ನ ಒಂದು ಮಾತೂ ಬೈಲಿಲ್ಲ," ಅಂದಳು ಮಂಜಿ. "ಬ್ಯಾಡ ಅಂತ ನಾನೂ ಹೇಳ್ಲಿಲ್ಲ ಆ ದಿನ. ನಂಗೂ ಈ ಮನೇಲಿ ಕೂಸು ಹೆರೂಕೆ ಆಗೂದಿಲ್ಲ." ಎರಡು ಸೀರೆ ಗಂಟು ಕಟ್ಟಿಕೊಂಡು ಅವಳು ಅಣ್ಣನ ಹತ್ತಿರ ಹೋಗಲು ಸಿದ್ದಾಪುರದ ಬಸ್ಸು ಹತ್ತಿದಳು. ರಾಮ, ದುರ್ಗಮ್ಮ ಆಗಲೇ ನಿಲ್ಕುಂದ ಸೇರಿದ್ದರು.

ಕೆರಿಯ ತೇಲಿಹೋಗಿದ್ದ ದೋಣಿಯನ್ನು ಹುಡುಕಿ ತಂದು ಕೆಳಗಿನ ಕಡವಿನಲ್ಲಿ ಮತ್ತೆ ಜನ ದಾಟಿಸಿದ. ಮತ್ತಿಮರದ ಬೊಡ್ಡೆಯ ಹತ್ತಿರ ಬಂದಾಗಲೆಲ್ಲ ಅವನ ಹುಟ್ಟು ನಿಂತುಬಿಡುತ್ತಿತ್ತು. ಕೂತವರು "ಎಂತ ಆಯ್ತೋ?" ಎಂದು ಕೇಳುವರು. ಅನ್ನ ಬೇಯಿಸಿಕೊಂಡರೂ ಉಣ್ಣಲು ಬಲಗೈ ತಟ್ಟೆಗಿಟ್ಟ ಕೂಡಲೇ ಹಸಿವು ಸಾಯುತ್ತಿತ್ತು. ಹೀಗೇ ಆದರೆ ತನಗೆ ಹುಚ್ಚು ಹಿಡಿಯುತ್ತದೆ ಅನ್ನಿಸಿ ಒಂದು ಬೆಳಿಗ್ಗೆ ಶಿವಲಿಂಗಪ್ಪನವರ ಅಂಗಡಿಯ ಮುಂದೆ ಹೋಗಿ ನಿಂತ.

"ನಂಗೆ ಕಡವು ಬ್ಯಾಡ್ರಾ. ಅವನ ಕೈ ಕಂಡೂ ನಾ ದೋಣಿ ಸರಿಸ್ಲಿಲ್ಲ. ನನ್ನ ಹೆಸ್ರು ತೆಗೀರಿ."

ಶಿವಲಿಂಗಪ್ಪನವರು ಅಂಕದ ಪಟ್ಟಿ ತೆಗೆದು ನೋಡಿದರು. ಅವರು ಮಾಡಿದ ಕಾನೂನಿನಲ್ಲಿ ಇದಕ್ಕೆ ಅಂಕ ಇರಲಿಲ್ಲ.

"ನೀ ಬಿಟ್ರ ಮುಂದಿನವ ಯಾರು? ರಾಮಂದೂ ಹತ್ತು, ಚೌಡಂದೂ ಹತ್ತು."

"ಸಮ ಆದ್ರೆ ಬೊಂಬಾಯಿಯಲ್ಲಿ ಎಂತ ಮಾಡ್ತಾರೆ?"

"ಯಾರು ಹೆಚ್ಚು ಸಲ ಮೊದಲು ಬಂದಾನ ನೋಡ್ತಾರ," ಎಂದು ಅವರು ಮೆಲ್ಲಗೆ ಹೇಳಿದರು. "ರಾಮ ಎರಡು ಸಲ. ಚೌಡ ಒಂದ ಸಲ."

"ಹಂಗಾರೆ ರಾಮಂದು."

"ಹುಟ್ಟು ಹಿಡಿಯೂ ಕೈ ಎಲ್ಲೈತೋ ಅವಗ?"

"ನಾ ಹಾಕ್ತೆ. ಅವನ ಕೂಲಿಯವ ಆಗಿ ಇರ್ತೆ."

ಈ ಮಾತು ಹೇಳಲು ಅವನು ನಿಲ್ಕುಂದಕ್ಕೆ ಹೋದ. ರಾಮ ಹಿತ್ತಲಿನ ಕಟ್ಟೆಯ ಮೇಲೆ ಕೂತಿದ್ದ. ಕೈಗೆ ಸುತ್ತಿದ ಬಟ್ಟೆ ಬಿಚ್ಚಿ ದುರ್ಗಮ್ಮ ಎಣ್ಣೆ ಹಚ್ಚುತ್ತಿದ್ದಳು. ಕೆರಿಯ ಹೇಳಿದ್ದನ್ನೆಲ್ಲ ರಾಮ ಕೇಳಿಸಿಕೊಂಡ.

"ಕಡವು ತಗಳ್ತೆ," ಎಂದ ಕೊನೆಗೆ. "ಇಲ್ಲಿ ಮಾವನ ಮನೆಯ ಅನ್ನ ಎಷ್ಟು ದಿನ ಉಣ್ಲಿ? ಆದ್ರೆ ನನ್ನ ದೋಣೀಲಿ ನೀ ಹುಟ್ಟು ಹಾಕೂದು ಬ್ಯಾಡ ಭಾವ. ಚೌಡನ್ನ ಕರ್ಕಂತೆ. ನೀ ಎದುರಿಗೆ ಕೂತ್ರೆ ನಾ ಹೊಳೆ ದಾಟಲಾರೆ."

ಮಂಜಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಕೆರಿಯ ಹೊರಟಾಗ ಹಿಂದೆಯೇ ಬಂದಳು.

"ಈಗ ಎಲ್ಲಿಗೆ?"

"ಯಲ್ಲಾಪುರಕ್ಕೆ. ಇನ್ನೆಲ್ಲಿಗೆ ಹೋಗ್ಲಿ?"

ಅವಳು ಕೂಗಿಕೊಳ್ಳುತ್ತಾಳೆ ಅಂದುಕೊಂಡ. ಅವಳು ಸೆರಗು ಬಾಯಿಗೊತ್ತಿಕೊಂಡು ನಿಂತಳು, ಅಷ್ಟೆ.

ಕಾಡಿನಲ್ಲಿ ಮಳೆ ಬಿಟ್ಟಿರಲಿಲ್ಲ. ಕೆರಿಯ ಉಳಿದವರ ಜೊತೆ ಸೋರುವ ಗುಡಿಸಲಿನಲ್ಲಿ ಬಿದ್ದುಕೊಂಡ, ಮರ ಕಡಿದ, ಎರಡು ಸಲ ಜ್ವರದಲ್ಲಿ ಬೆಂದು ಎದ್ದ. ಮೈ ಸುಡುವಾಗ ಇಲ್ಲೇ ಮುಗಿದುಹೋಗಲಿ ಅನ್ನಿಸಿತ್ತು. ಮುಗಿಯಲಿಲ್ಲ. ದೀಪಾವಳಿ ಕಳೆದ ಮೇಲೆ ದಿಮ್ಮಿ ಒಯ್ಯುವ ಲಾರಿಯವನು ಸುದ್ದಿ ತಂದ: ರಾಮ ಈಗ ಕಡವಿನ ಮನೆಗೆ ಬಂದಿದ್ದಾನೆ, ಅಲ್ಲೇ ಮಂಜಿ ಹೆತ್ತಿದ್ದಾಳೆ, ಹೆಣ್ಣು, ಇಬ್ಬರೂ ಗಟ್ಟಿಯಾಗಿದ್ದಾರೆ.

"ನಂಗೆ ಬಾ ಅಂತ ಹೇಳ್ಯಾಳಾ?"

"ಹಂಗೇನೂ ಹೇಳ್ಲಿಲ್ಲಪ್ಪ."

ಮೇಸ್ತ್ರಿ ರಜೆ ಕೊಡಲಿಲ್ಲ. ಕೆರಿಯ ಕೊಡಲಿಯನ್ನು ಅವನ ಮುಂದಿಟ್ಟು ಅದೇ ಲಾರಿಯ ದಿಮ್ಮಿಯ ಮೇಲೆ ಹತ್ತಿ ಕೂತ.

ಮರುದಿನ ಕೆಳಗಿನ ಕಡವಿಗೆ ಬಂದಾಗ ದೋಣಿ ಈಚೆ ದಡದಲ್ಲೇ ಇತ್ತು. ಚೌಡ ಹುಟ್ಟಿಗೆ ಕೂತಿದ್ದ. ಹಿಂದುಗಡೆ ರಾಮ, ಎಡಗೈಯಲ್ಲಿ ಚುಕ್ಕಾಣಿ ಹಿಡಿದಿದ್ದ. ಕೆರಿಯನನ್ನು ನೋಡಿ ಅವನ ಮುಖ ಬಿಗಿಯಿತು. ಕೆರಿಯ ಮೊಣಕಾಲವರೆಗೆ ನೀರಿನಲ್ಲಿ ನಿಂತೇ ಇದ್ದ, ಹತ್ತಲೂ ಆಗದೆ, ತಿರುಗಲೂ ಆಗದೆ.

"ಹತ್ತು," ಎಂದ ರಾಮ ಬೇರೆ ಕಡೆ ನೋಡುತ್ತ. ಚೌಡ ಆಚೆ ದಡಕ್ಕೆ ಹುಟ್ಟು ಹಾಕಿದ.

ಮಂಜಿ ಬಾಣಂತಿ ಕೋಣೆಯಲ್ಲಿ ಕಂಬಳಿ ಹೊದ್ದು ಕೂತಿದ್ದಳು. ಬಾಗಿಲಲ್ಲಿ ನಿಂತ ಗಂಡನ ಎಲುಬು ಕಾಣುವ ಮೈಯನ್ನು, ಹಳದಿ ಕಣ್ಣುಗಳನ್ನು ನೋಡಿದಳು. ಕೂಸನ್ನು ಎತ್ತಿ ಅವನ ಕಡೆ ಚಾಚಿದಳು. ಕೆರಿಯ ಎರಡೂ ಕೈಯೊಡ್ಡಿ ಎತ್ತಿಕೊಂಡ, ಅದರ ತಲೆ ಹಿಂದಕ್ಕೆ ವಾಲಿತು. ಕೂಸು ಅಳತೊಡಗಿತು.

"ತಲೆಗೆ ಕೈ ಕೊಡಿ," ಅಂದಳು ಮಂಜಿ.